ಚೀಟಿ ಕೈ ತಪ್ಪಿದರೆ ಲೆಕ್ಕವೂ ಕೈ ತಪ್ಪೀತು



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ, ಕಾಫಿ ಬೆಳೆಗಾರರು ಈಗ ಪಹಣಿಯಿಂದ ಹಿಡಿದು ಬ್ಯಾಂಕಿನ ಲೆಕ್ಕದವರೆಗೆ ಎಷ್ಟೋ ಕೆಲಸಗಳನ್ನು ಕಂಪ್ಯೂಟರಿನಲ್ಲೇ ಮುಗಿಸುತ್ತಿದ್ದಾರೆ. ಮನೆಯಲ್ಲಿ ಸಿಗ್ನಲ್ ಸಿಗದವರು ಪೇಟೆಯ ಸೈಬರ್ ಅಂಗಡಿಗೆ ಹೋಗುತ್ತಾರೆ. ಬಸ್ಸು ತಪ್ಪೀತೆಂಬ ಅವಸರದಲ್ಲಿ ಪರದೆಯನ್ನು ಹಾಗೆಯೇ ಬಿಟ್ಟು ಏಳುವುದೂ ಉಂಟು. ಈ ಅವಸರ ಒಳ್ಳೆಯದಲ್ಲ.

ವೆಬ್ ಸರ್ವರ್‌ಗೆ ಮುಖಪರಿಚಯವಿಲ್ಲ. ಒಂದು ಪುಟ ಕೊಟ್ಟೊಡನೆ ಕೇಳಿದವರನ್ನು ಮರೆಯುವುದು ಅದರ ಸ್ವಭಾವ. ಇದಕ್ಕೆ ಪರಿಹಾರವಾಗಿ 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಎಂಬವರು ‘ಕುಕಿ’ಯನ್ನು ರೂಪಿಸಿದರು. ಹೆಸರು ಬಿಸ್ಕತ್ತಿನದಾದರೂ ಕೆಲಸ ಚೀಟಿಯದು. ಪಾಸ್‌ವರ್ಡ್ ಕೊಟ್ಟು ಲಾಗಿನ್ ಆದಾಗ ಸರ್ವರ್ ಯಾರೂ ಊಹಿಸಲಾಗದ ಉದ್ದನೆಯ ಸಂಖ್ಯೆಯೊಂದನ್ನು ಕೊಡುತ್ತದೆ. ಮುಂದೆ ಪ್ರತಿ ಪುಟ ಕೇಳುವಾಗಲೂ ಬ್ರೌಸರ್ ಅದನ್ನೇ ತೋರಿಸುತ್ತದೆ. ಸರ್ವರ್‌ನ ಲೆಕ್ಕದಲ್ಲಿ ಚೀಟಿ ಯಾರ ಕೈಯಲ್ಲಿದೆಯೋ ಅವರೇ ನೀವು! ಲಾಗೌಟ್ ಒತ್ತಿದಾಗ ಆ ಚೀಟಿ ರದ್ದಾಗಬೇಕು. ಪರದೆ ಮುಚ್ಚಿದ ಮಾತ್ರಕ್ಕೆ ಅದು ರದ್ದಾಯಿತೆಂದು ನಂಬುವಂತಿಲ್ಲ.

ಇದು ಸದಸ್ಯರ ಹೊಣೆ. ಸಂಘಗಳ ಹೊಣೆ ಇನ್ನೂ ದೊಡ್ಡದು. ಬಂದವರು ಯಾರು ಎಂಬುದು ಒಂದು ಪ್ರಶ್ನೆ. ಅವರಿಗೆ ಯಾವ ಅಧಿಕಾರವಿದೆ ಎಂಬುದು ಬೇರೆಯೇ ಪ್ರಶ್ನೆ. ತೂಕದ ಗುಮಾಸ್ತರು ತೂಕ ಬರೆಯಲಿ, ಸಾಲದ ಲೆಕ್ಕ ತಿದ್ದುವುದು ಬೇಡ. ಸದಸ್ಯರು ತಮ್ಮ ಖಾತೆ ನೋಡಲಿ, ನೆರೆಯವರದು ಬೇಡ. ಈ ಅಧಿಕಾರವನ್ನು ಚೀಟಿಯಲ್ಲೇ ಬರೆದುಕೊಟ್ಟರೆ ತಿದ್ದಿಕೊಳ್ಳುವ ಜಾಣರಿದ್ದಾರೆ. ಆದ್ದರಿಂದ ಪ್ರತಿ ಸಲವೂ ಸರ್ವರ್ ತನ್ನ ದಾಖಲೆಯನ್ನೇ ನೋಡಿ ಒಪ್ಪಿಗೆ ಕೊಡಬೇಕು.

ನಮ್ಮ ರಾಜ್ಯಕ್ಕೆ ಇದು ಹೊಸ ಪಾಠವಲ್ಲ. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆಯಲ್ಲಿ ಪಹಣಿ ದಾಖಲೆ ತಿದ್ದುವ ನೌಕರರು ಬೆರಳಚ್ಚು ಒತ್ತಿಯೇ ಒಳಹೋಗುವ ಏರ್ಪಾಡಿತ್ತು. ಯಾರು ತಿದ್ದಿದರೆಂಬುದು ಮುಂದೆ ತಿಳಿಯಬೇಕೆಂಬುದೇ ಅದರ ಉದ್ದೇಶ. ಕಚೇರಿಯವರೆಲ್ಲ ಒಂದೇ ಪಾಸ್‌ವರ್ಡ್ ಬಳಸುವ ಕಡೆ ಈ ಉದ್ದೇಶವೇ ಕೆಡುತ್ತದೆ. ಒಬ್ಬರ ತಪ್ಪಿಗೆ ಪ್ರಾಮಾಣಿಕರ ಮೇಲೂ ಅನುಮಾನ ಬರುತ್ತದೆ.

‘ಎಲ್ಲರೂ ಪರಿಚಯದವರೇ, ಇಷ್ಟೆಲ್ಲ ಬೇಕೇ?’ ಎನ್ನುವವರಿದ್ದಾರೆ. ಪರಿಚಯವಿದೆಯೆಂದು ನಾವು ಅಡಿಕೆಯನ್ನು ತೂಗದೆ ಕೊಡುತ್ತೇವೆಯೇ? ತಕ್ಕಡಿ ಇರುವುದರಿಂದಲೇ ಸ್ನೇಹ ಉಳಿದಿದೆ.

ಆದ್ದರಿಂದ ಪ್ರತಿ ನೌಕರರಿಗೂ ಪ್ರತ್ಯೇಕ ಲಾಗಿನ್, ಕೆಲಸಕ್ಕೆ ತಕ್ಕಷ್ಟೇ ಅಧಿಕಾರ, ಸ್ವಲ್ಪ ಹೊತ್ತು ಬಳಸದಿದ್ದರೆ ತಾನಾಗಿ ರದ್ದಾಗುವ ಚೀಟಿ, ಇಷ್ಟು ಇವೆಯೇ ಎಂದು ಸದಸ್ಯರು ತಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಿ ಕೇಳಬೇಕೆಂಬುದು ನಮ್ಮ ಅಭಿಪ್ರಾಯ. ಕೇಳುವುದು ಅವಿಶ್ವಾಸವಲ್ಲ, ಹಕ್ಕು.