ಹಿತ್ತಲ ವಿಚಾರ: ಹೀರೆಯ ಬಳ್ಳಿ

"ನಮ್ಮ ಹೀರೆಯ ಬಳ್ಳಿಯಲ್ಲಿ ಹೂವುಂಟು, ಕಾಯಿಲ್ಲ, ಕಿತ್ತುಹಾಕಬಹುದೇ?" ಎಂದು ಗೃಹಿಣಿಯೊಬ್ಬರು ಕೇಳಿರುವರು. ಕೂಡದೆಂಬುದೇ ನಮ್ಮ ಉತ್ತರ. ಇದನ್ನು ನಾವು ಗ್ರಂಥದಿಂದಲ್ಲ, ಸ್ವಂತ ಅವಿವೇಕದಿಂದ ಕಲಿತೆವು.

ಶಾಲೆಯ ಕೆಲಸದಿಂದ ನಿವೃತ್ತರಾಗಿ ತುಂಗಭದ್ರಾತೀರದ ಉಕ್ಕಡಗಾತ್ರಿಯಲ್ಲಿ ನೆಲಸಿದ ವರ್ಷ, ಹಿತ್ತಲಲ್ಲಿ ಎರಡು ಹೀರೆಯ ಬಳ್ಳಿಗಳನ್ನು ಚಪ್ಪರಕ್ಕೆ ಹಬ್ಬಿಸಿದೆವು. ಹೂಗಳೇನೋ ತುಂಬಿದುವು, ಆದರೆ ದಿನವೂ ಬೆಳಗ್ಗೆ ನೋಡಿದರೆ ಬಾಡಿ ನೆಲಕ್ಕೆ ಬಿದ್ದಿರುತ್ತಿದ್ದುವು. ಹತ್ತು ದಿನ ಕಾದು, ನಿಷ್ಫಲವೆಂದು ತೀರ್ಮಾನಿಸಿ, ಒಂದನ್ನು ಬುಡಸಹಿತ ಕಿತ್ತೆವು. ಮತ್ತೊಂದಕ್ಕೆ ಕೈಯಿಡುವಷ್ಟರಲ್ಲಿ ನೆರೆಮನೆಯ ಅಜ್ಜಿ ಬೇಲಿಯಾಚೆಯಿಂದ, "ಮೇಷ್ಟ್ರೇ, ದೀಪ ಹಚ್ಚೋ ಹೊತ್ತಿಗೆ ಬಂದು ನೋಡ್ರಿ, ಆಮೇಲೆ ಬೇಕಾದ್ರೆ ಕೀಳ್ರಿ" ಎಂದರು.

ಹೀರೆಯ ಹೂ ಅರಳುವುದು ಸಂಜೆಯಲ್ಲಿ. ತುಪ್ಪದ ಹೀರೆಯದು ಬೆಳಗಿನ ಜಾವದಲ್ಲಿ. ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆ. ಗಂಡು ಹೂಗಳು ಗೊಂಚಲಾಗಿ ಮೊದಲು ಬಂದು ಉದುರುವುವು. ಹೆಣ್ಣು ಹೂ ತರುವಾಯ ಒಂಟಿಯಾಗಿ ಬರುವುದು. ಅದರ ಹಿಂದೆ ಕಿರುಬೆರಳಿಗಿಂತ ಸಣ್ಣದಾದ ಎಳೆಗಾಯಿ ಇರುವುದೇ ಗುರುತು. ಮಳೆಯ ಸಂಜೆಗಳಲ್ಲಿ ದುಂಬಿಗಳು ಬಾರದಿದ್ದರೆ ಈ ಎಳೆಗಾಯಿ ಹಳದಿಯಾಗಿ ಉದುರಿಹೋಗುವುದು. ಆಗ ಅರಳಿದ ಗಂಡು ಹೂವೊಂದನ್ನು ಕಿತ್ತು, ಎಸಳು ಸರಿಸಿ, ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಮೃದುವಾಗಿ ತಾಗಿಸತಕ್ಕದ್ದು. ಆ ಸಂಜೆಯೇ ನಾವು ಹಾಗೆ ಮಾಡಿದೆವು. ವಾರದೊಳಗೆ ಕಾಯಿ ಅಡುಗೆಗೆ ಬಂದಿತು.

ಇನ್ನು ಆರೈಕೆಯ ಮಾತು. ಬೀಜವನ್ನು ಒಂದು ರಾತ್ರಿ ನೆನೆಯಿಸಿ, ಅಂಗುಲದಷ್ಟು ಆಳದಲ್ಲಿ ಊರಬೇಕು. ನಮ್ಮಂತಹ ಹೊಳೆಯ ದಂಡೆಯ ಊರುಗಳಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ಮಣ್ಣನ್ನು ಏರಿಸಿ ದಿಬ್ಬ ಮಾಡಿಕೊಳ್ಳುವುದು ಲೇಸು. ಗೊಬ್ಬರ ಅತಿಯಾದರೆ ಎಲೆಯೇ ಹೆಚ್ಚುವುದು. ಎಳೆಯ ಎಲೆಗಳನ್ನು ಕೆಂಪು ಹುಳು ಕಡಿದರೆ ಮುಂಜಾನೆಯ ಇಬ್ಬನಿಯ ಮೇಲೆ ಒಲೆಯ ಬೂದಿಯನ್ನು ಉದುರಿಸಬಹುದು. ಕಾಯನ್ನು ಎಳೆಯದಿರುವಾಗಲೇ ಕೊಯ್ಯಬೇಕು, ಬಲಿತರೆ ನಾರಾಗುವುದು.

ಒಂದು ಎಚ್ಚರಿಕೆ. ಹೀರೆಗೆ ಸಂಸ್ಕೃತದಲ್ಲಿ ಕೋಶಾತಕೀ ಎಂದು ಹೆಸರು. ಚರಕಸಂಹಿತೆಯ ಕಲ್ಪಸ್ಥಾನವು ಈ ಜಾತಿಯ ಕಹಿಕಾಯಿಗಳನ್ನು ವಾಂತಿ ಮಾಡಿಸುವ ಔಷಧಗಳಲ್ಲಿ ಎಣಿಸಿದೆ. ಆದುದರಿಂದ ಹೆಚ್ಚುವ ಮುನ್ನ ಪ್ರತಿಯೊಂದು ಕಾಯಿಯ ಚೂರನ್ನೂ ನಾಲಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಉಗುಳಿ, ಕಾಯನ್ನು ಎಸೆದುಬಿಡಬೇಕು. ಬೇಯಿಸಿದರೂ ದೋಷ ಹೋಗದು. ಆ ಬಳ್ಳಿಯ ಬೀಜವನ್ನೂ ಇಡಬಾರದು.

ಸಿಹಿಯಾದ ಬಳ್ಳಿಯಲ್ಲಿ ಒಳ್ಳೆಯ ಕಾಯೊಂದನ್ನು ಒಣಗಲು ಬಿಡಿ. ತುದಿಯ ಮುಚ್ಚಳ ಕಳಚಿದರೆ ಬೀಜ ಉದುರುವುದು. ಉಳಿದ ನಾರು ಮೈಯುಜ್ಜಲು ಒದಗುವುದು. ಅಂದು ಉಳಿದ ಬಳ್ಳಿಯ ಬೀಜವನ್ನೇ ಇಂದಿಗೂ ನಾವು ಊರುತ್ತಿರುವೆವು.

ಕಿತ್ತ ಬಳ್ಳಿಯನ್ನು ಕುರಿತು ಈಗಲೂ ಸಂಕಟವಾಗುವುದುಂಟು. ತರಗತಿಯಲ್ಲಿಯೂ ಎಷ್ಟು ಮಂದಿ ಹುಡುಗರನ್ನು ಹೀಗೆಯೇ ಬೇಗನೆ ನಿಷ್ಫಲರೆಂದು ಎಣಿಸಿಬಿಟ್ಟೆವೋ! ತಾಯಂದಿರೇ, ಕುಡುಗೋಲು ಹಿಡಿಯುವ ಮುನ್ನ ಒಂದು ಸಂಜೆ ದೀಪ ಹಿಡಿದು ಹಿತ್ತಲಿಗೆ ಹೋಗಿರಿ.