ಕಾಯಕ, ವ್ಯಾಸಂಗ, ವಿರಾಮ

ಹಗಲು ಶಿಕಾರಿಪುರದ ಕಚೇರಿಯಲ್ಲಿ ದುಡಿಮೆ, ಸಂಜೆ ಬಸ್ಸಿನಲ್ಲಿ ಸೊರಬದ ಮನೆಗೆ ಪಯಣ, ರಾತ್ರಿ ಸ್ನಾತಕೋತ್ತರ ಪದವಿಯ ಅಭ್ಯಾಸ: ಈ ಸೀಮೆಯ ಅನೇಕ ತರುಣ ತರುಣಿಯರ ದಿನಚರಿಯಿದು. 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವು ಉನ್ನತ ವಿದ್ಯೆಯನ್ನು ಜಿಲ್ಲೆಗೇ ತಂದಿತು. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ನೌಕರಿಯನ್ನು ಬಿಡದೆಯೇ ಓದುವ ಅವಕಾಶವನ್ನು ಕಲ್ಪಿಸಿತು. ಆದರೆ ಓದಿಗೆ ಬೇಕಾದ ಹೊತ್ತನ್ನು ಯಾವ ವಿಶ್ವವಿದ್ಯಾನಿಲಯವೂ ಕೊಡಲಾರದು. ನಿದ್ದೆಯಿಂದಲೋ ವಿರಾಮದಿಂದಲೋ ಅದನ್ನು ಕಡಿದುಕೊಳ್ಳಬೇಕಾಗುತ್ತದೆ.

ಇಂತಹವರು ಒಂದು ಭಾನುವಾರ ಗುಡವಿಯ ಪಕ್ಷಿಧಾಮಕ್ಕೆ ಹೋದರೆ ಕೆಲವು ಹಿರಿಯರು ಅದನ್ನು ಸೋಮಾರಿತನವೆನ್ನುತ್ತಾರೆ. ಕಾಯಕತತ್ತ್ವವನ್ನೇ ಸಾಕ್ಷಿಗೆ ಕರೆಯುತ್ತಾರೆ. ಇದು ವಿವೇಚನೆಯ ಮಾತಲ್ಲ. ಕಾಯಕವೆಂದರೆ ಮನವೊಪ್ಪಿ ಮಾಡುವ ದುಡಿಮೆಯೇ ಹೊರತು ದೇಹದಂಡನೆಯಲ್ಲ. ಬಳ್ಳಿಗಾವೆಯಲ್ಲಿದ್ದ ಕಾಳಾಮುಖ ಶೈವರ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ವೇದ, ವ್ಯಾಕರಣಗಳೊಡನೆ ಕಾವ್ಯ, ನಾಟಕಗಳನ್ನೂ, ಅನ್ನದಾನವನ್ನೂ, ರೋಗಿಗಳ ಶುಶ್ರೂಷೆಯನ್ನೂ ಹೆಸರಿಸುತ್ತದೆ. ಆ ವಿದ್ಯಾಕೇಂದ್ರದಲ್ಲಿ ದೇಹ ಮನಸ್ಸುಗಳೆರಡರ ಯೋಗಕ್ಷೇಮಕ್ಕೂ ಎಡೆಯಿದ್ದಿತು.

ದುಡಿಯುತ್ತ ಓದುವವರಿಗೆ ಉಪದೇಶಕ್ಕಿಂತ ಆಸರೆ ಲೇಸು. ದಾನಿಗಳು ಮತ್ತೊಂದು ಸಭಾಭವನವನ್ನು ಕಟ್ಟಿಸುವ ಮುನ್ನ, ಶಾಲೆಯ ಗ್ರಂಥಾಲಯವು ಸಂಜೆಯ ಹೊತ್ತಿನಲ್ಲಿಯೂ ರಜಾದಿನಗಳಲ್ಲಿಯೂ ತೆರೆದಿರುವಂತೆ ಏರ್ಪಾಡು ಮಾಡಲಿ. ಹಳೆಯ ವಿದ್ಯಾರ್ಥಿಗಳು ತಾವು ಓದಿ ಮುಗಿಸಿದ ಗ್ರಂಥಗಳನ್ನು ಅಲ್ಲಿಗೆ ಒಪ್ಪಿಸಲಿ. ಅಧ್ಯಾಪಕರು ವಾರಕ್ಕೊಮ್ಮೆ ಮಾರ್ಗದರ್ಶನ ನೀಡಲಿ. ಅನ್ನದಾಸೋಹದಂತೆ ಇದೂ ದಾಸೋಹವೇ. ಮನೆಯ ಹಿರಿಯರಾದರೋ ಭಾನುವಾರದ ಅರ್ಧ ದಿನವನ್ನಾದರೂ ಮಕ್ಕಳಿಗೆ, ಲೆಕ್ಕ ಕೇಳದೆ, ಬಿಟ್ಟುಕೊಡಲಿ.