ಗಿಟ್ ಸಮೀಕ್ಷೆ: ಉತ್ತರಿಸದವರನ್ನು ಎಣಿಸುವವರು ಯಾರು?



ಸಮೀಕ್ಷೆ ಎಂದರೆ ನಮ್ಮ ಶಿಕ್ಷಕ ಬಂಧುಗಳಿಗೆ ಹೊಸತೇನಲ್ಲ. ಜನಗಣತಿಗೆ ನಾವೇ, ಮತದಾರರ ಪಟ್ಟಿಗೆ ನಾವೇ, ಶಾಲೆಗೆ ಬಾರದ ಮಕ್ಕಳ ಲೆಕ್ಕಕ್ಕೂ ನಾವೇ. ಮನೆ ಮನೆ ಅಲೆದು ಫಾರಂ ತುಂಬಿಸಿದ ಅನುಭವದಿಂದಲೋ ಏನೋ, 'ನೂರಕ್ಕೆ ಇಷ್ಟು ಮಂದಿ' ಎಂದು ಯಾರಾದರೂ ಹೇಳಿದೊಡನೆ ನಮಗೆ ಬರುವ ಮೊದಲ ಸಂಶಯ, ಇವರು ಯಾವ ಯಾವ ಮನೆಯ ಬಾಗಿಲು ತಟ್ಟಿದ್ದಾರೆ ಎಂಬುದು. ಅದೇ ಸಂಶಯವನ್ನಿಟ್ಟುಕೊಂಡು ಈ ಬಾರಿ 'ಗಿಟ್' ಎಂಬ ಮುಕ್ತ ತಂತ್ರಾಂಶದ ಬಳಕೆದಾರರ ಸಮೀಕ್ಷೆಯ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇವೆ.

ಗಿಟ್ ಎಂದರೇನು ಎಂದು ಕೇಳುವವರೂ ಇದ್ದಾರೆ. ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮೂವರು ಶಿಕ್ಷಕರು ಸೇರಿ ತಯಾರಿಸುವುದನ್ನು ನೆನಪಿಸಿಕೊಳ್ಳಿ. ಕಂಪ್ಯೂಟರಿನಲ್ಲಿ 'ಫೈನಲ್', 'ಫೈನಲ್ ಹೊಸತು', 'ಫೈನಲ್ ಹೊಸತು ಹೆಡ್ಮಾಸ್ಟರ್ ನೋಡಿದ್ದು' ಎಂದು ಫೈಲುಗಳು ಬೆಳೆಯುತ್ತವೆ. ಕೊನೆಗೆ ಅಚ್ಚಿಗೆ ಹೋಗುವುದು ಯಾವುದೋ ನಡುವಿನದು! ಗಿಟ್ ಇಂತಹ ಗೊಂದಲಕ್ಕೆ ಮದ್ದು. ಯಾರು, ಯಾವಾಗ, ಏನನ್ನು ತಿದ್ದಿದರು ಎಂಬುದನ್ನು ಅದು ದಾಖಲಿಸಿಡುತ್ತದೆ. ಯಾಕೆ ತಿದ್ದಿದ್ದು ಎಂದು ಬರೆಯಲೂ ಜಾಗ ಕೊಡುತ್ತದೆ. ಬೇಕಾದರೆ ಹಿಂದಿನ ಪ್ರತಿಗೆ ಮರಳಬಹುದು. ಇಬ್ಬರು ಬೇರೆ ಬೇರೆಯಾಗಿ ಮಾಡಿದ ತಿದ್ದುಪಡಿಗಳನ್ನು ಒಂದುಗೂಡಿಸಬಹುದು.

ಇದನ್ನು 2005ರ ಏಪ್ರಿಲಿನಲ್ಲಿ ಬರೆಯತೊಡಗಿದವರು ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್. ಅಲ್ಲಿಯವರೆಗೆ ಲಿನಕ್ಸ್ ಕರ್ನೆಲ್ ಕೆಲಸಕ್ಕೆ ಉಚಿತವಾಗಿ ಸಿಗುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಸೌಲಭ್ಯ ನಿಂತುಹೋದಾಗ ಅವರು ತಮ್ಮದನ್ನೇ ಮಾಡಿಕೊಂಡರು. ಅದೇ ವರ್ಷದ ಜುಲೈಯಿಂದ ಅದರ ಉಸ್ತುವಾರಿ ಜುನಿಯೊ ಹಮಾನೊ ಅವರದು. ಕೇರಳದ ಶಾಲೆಗಳ ಲ್ಯಾಬುಗಳಲ್ಲಿ ನಮ್ಮ ಮಕ್ಕಳು ಬಳಸುವ ಗ್ನೂ/ಲಿನಕ್ಸಿನ ಒಡಲಲ್ಲಿರುವುದೂ ಗಿಟ್‌ನಲ್ಲಿ ಬೆಳೆಯುತ್ತಿರುವ ಆ ಕರ್ನೆಲ್ಲೇ. ಆದ್ದರಿಂದ ಇದು ಎಲ್ಲಿಯೋ ಅಮೆರಿಕದ ಸಂಗತಿ, ನಮಗೇಕೆ ಎನ್ನುವಂತಿಲ್ಲ.

ಇನ್ನು ಸಮೀಕ್ಷೆಯ ವಿಷಯ. ಅಂಗಡಿಯಲ್ಲಿ ಮಾರುವ ತಂತ್ರಾಂಶಕ್ಕೆ ಮಾರಾಟದ ಪುಸ್ತಕ ಇರುತ್ತದೆ. ಮುಕ್ತ ತಂತ್ರಾಂಶಕ್ಕೆ ಅದಿಲ್ಲ. ಒಬ್ಬರಿಂದ ಒಬ್ಬರು ಪ್ರತಿ ಮಾಡಿಕೊಳ್ಳಬಹುದು, ಯಾರಿಗೂ ಹೇಳಬೇಕಾಗಿಲ್ಲ. ನಿಮ್ಮ ಯಂತ್ರದಲ್ಲಿ ಕುಳಿತ ಗಿಟ್ ತನ್ನನ್ನು ಮಾಡಿದವರಿಗೆ ನಿಮ್ಮ ಸುದ್ದಿಯನ್ನು ಕಳುಹಿಸುವುದೂ ಇಲ್ಲ. ಗೋಪ್ಯತೆಯ ದೃಷ್ಟಿಯಿಂದ ಇದು ಬಹಳ ಒಳ್ಳೆಯದೇ. ಆದರೆ ಯಾರು ಬಳಸುತ್ತಾರೆ, ಎಲ್ಲಿ ತೊಡಕುತ್ತಾರೆ ಎಂದು ತಿಳಿಯಬೇಕಾದರೆ ಬಾಯಿಬಿಟ್ಟು ಕೇಳುವುದೊಂದೇ ದಾರಿ.

ಹಾಗೆಂದೇ 2006ರಲ್ಲಿ ಮೊದಲ ಬಾರಿಗೆ ಗಿಟ್ ಬಳಕೆದಾರರ ಸಮೀಕ್ಷೆ ನಡೆಯಿತು. ಆಮೇಲೆ 2012ರವರೆಗೆ ವರ್ಷವೂ, ಮತ್ತೆ 2016ರಲ್ಲೊಮ್ಮೆ ನಡೆಯಿತು. 2007ರಿಂದ ಇದನ್ನು ಹೊತ್ತು ನಡೆಸಿದವರು ಪೋಲೆಂಡಿನ ಯಾಕುಬ್ ನರೆಂಬ್ಸ್ಕಿ. ಮೊದಲ ವರ್ಷ ಉತ್ತರಿಸಿದವರು ನೂರಕ್ಕಿಂತ ಸ್ವಲ್ಪ ಹೆಚ್ಚು ಮಂದಿ. 2011ರ ಹೊತ್ತಿಗೆ ಅದು 11 ಸಾವಿರ ದಾಟಿತ್ತು. ನಮಗೆ ಮೆಚ್ಚುಗೆಯಾದದ್ದು ಈ ಸಂಖ್ಯೆಯಲ್ಲ, ಕೇಳಿದ ಪ್ರಶ್ನೆಗಳು. ಕಲಿಯಲು ಕಷ್ಟವಾಯಿತೇ? ಮೊದಲು ಬೇರೆ ಯಾವುದನ್ನು ಬಳಸುತ್ತಿದ್ದಿರಿ? ಯಾವುದು ಸುಧಾರಿಸಬೇಕು? ಸಹಾಯ ಕೇಳಿದಾಗ ಸಿಕ್ಕಿತೇ? ತನ್ನ ಕೆಲಸದ ದೋಷವನ್ನು ಹೇಳಿ ಎಂದು ತಾನೇ ಕೇಳುವವರು ನಮ್ಮ ಸುತ್ತಮುತ್ತ ಎಷ್ಟು ಮಂದಿ ಇದ್ದಾರೆ ಹೇಳಿ! ತರಬೇತಿ ಶಿಬಿರದ ಕೊನೆಗೆ ನಮಗೆ ಕೊಡುವ ಅಭಿಪ್ರಾಯದ ಫಾರಂನಲ್ಲಿ 'ಉತ್ತಮ, ಅತ್ಯುತ್ತಮ' ಎಂದು ಟಿಕ್ ಹಾಕಲು ಮಾತ್ರ ಜಾಗ ಇರುವುದನ್ನು ನೀವೂ ನೋಡಿರಬಹುದು.

ಈಗ ಶೇಕಡಾ ಲೆಕ್ಕಕ್ಕೆ ಬರೋಣ. ಸ್ಟ್ಯಾಕ್ ಓವರ್‌ಫ್ಲೋ ಎಂಬ ಸಂಸ್ಥೆ ಪ್ರೋಗ್ರಾಮರುಗಳ ನಡುವೆ ನಡೆಸುವ ಸಮೀಕ್ಷೆಯಲ್ಲಿ, 2015ರಲ್ಲಿ ಗಿಟ್ ಬಳಸುತ್ತೇವೆ ಎಂದವರು ಶೇಕಡಾ 69ರಷ್ಟು, 2022ರಲ್ಲಿ ಶೇಕಡಾ 94ರಷ್ಟು. ಇದನ್ನು ಓದಿ 'ಎಲ್ಲರೂ ಗಿಟ್ ಕಲಿತಾಯಿತು' ಎನ್ನುವವರಿದ್ದಾರೆ. ಇದು ನಮಗೆ ಒಪ್ಪಿಗೆಯಿಲ್ಲ.

ಏಳನೇ ತರಗತಿಯ ಮಕ್ಕಳೊಂದಿಗೆ ದತ್ತಾಂಶ ಸಂಗ್ರಹದ ಪಾಠ ಮಾಡುವಾಗ ನಾವೊಂದು ಪ್ರಶ್ನೆ ಕೇಳುವುದಿದೆ. ಜೋರು ಮಳೆಯ ದಿನ ತರಗತಿಯಲ್ಲಿ 'ಮಳೆ ಬಂದರೂ ಶಾಲೆಗೆ ಬರುವವರು ಕೈ ಎತ್ತಿ' ಎಂದರೆ ಎಷ್ಟು ಕೈಗಳು ಏಳುತ್ತವೆ? ಮಕ್ಕಳು ಮೊದಲು 'ಎಲ್ಲರದ್ದೂ' ಎನ್ನುತ್ತಾರೆ, ಆಮೇಲೆ ನಗುತ್ತಾರೆ. ಹೊಳೆ ದಾಟಲಾಗದೆ ಮನೆಯಲ್ಲುಳಿದವನ ಕೈ ಇಲ್ಲಿ ಏಳುವುದಾದರೂ ಹೇಗೆ? ಗಿಟ್ ಬಳಕೆದಾರರ ಸಮೀಕ್ಷೆಗೂ ಇದೇ ತೊಡಕು. ಎರಡು ದಿನ ಗುದ್ದಾಡಿ, ಅರ್ಥವಾಗದೆ ಬಿಟ್ಟುಹೋದವರು 'ಬಳಕೆದಾರ'ರೇ ಅಲ್ಲ, ಅವರಿಗೆ ಆ ಫಾರಂ ತಲುಪುವ ಸಂಭವವೂ ಕಡಿಮೆ. ಆದರೆ ದಾರಿ ಎಲ್ಲಿ ಕುಸಿದಿದೆ ಎಂದು ಗೊತ್ತಿರುವುದು ಅವರಿಗೇ. ಹೆಚ್ಚು ಉತ್ತರ ಬಂದ ಮಾತ್ರಕ್ಕೆ ಈ ಕೊರತೆ ತುಂಬುವುದಿಲ್ಲ. ನೂರು ಮಂದಿ ಇದ್ದರೂ ಲಕ್ಷ ಮಂದಿ ಇದ್ದರೂ ಕೈ ಎತ್ತುವವರು ಒಳಗೆ ಕುಳಿತವರೇ.

ಇದು ಬರಿಯ ತರ್ಕವಲ್ಲ, ಕನ್ನಡಕ್ಕೇ ಸಂಬಂಧಿಸಿದ ಒಂದು ಉದಾಹರಣೆ ಇದೆ. ಫೈಲಿಗೆ 'ಕನ್ನಡ' ಎಂದು ಹೆಸರಿಟ್ಟು, ಏನೇನು ಬದಲಾಗಿದೆ ಎಂದು ಗಿಟ್‌ನಲ್ಲಿ ಆದೇಶ ಕೊಟ್ಟು ಕೇಳಿದರೆ ಅದು ಕನ್ನಡ ಎಂದು ತೋರಿಸುವುದಿಲ್ಲ. 340, 262, 225 ಎಂದು ಆರಂಭವಾಗುವ, ನಡುನಡುವೆ ಓರೆಗೆರೆಗಳಿರುವ ಸಂಖ್ಯೆಗಳ ಸಾಲು ಬರುತ್ತದೆ. ಆ ಮೊದಲ ಮೂರು ಸಂಖ್ಯೆಗಳು ಸೇರಿ 'ಕ' ಅಕ್ಷರ. ಯೂನಿಕೋಡನ್ನು ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟುಗಳು ಬೇಕು. 'ಕನ್ನಡ'ದಲ್ಲಿ ಒತ್ತಕ್ಷರದ ವಿರಾಮವೂ ಸೇರಿ ಐದು ಚಿಹ್ನೆಗಳು, ಹೀಗಾಗಿ ಹದಿನೈದು ಸಂಖ್ಯೆಗಳು! ಇಂಗ್ಲಿಷ್ ಹೆಸರಿಗೆ ಈ ಗತಿಯಿಲ್ಲ. ಫೈಲು ಹಾಳಾಗಿಲ್ಲ, ತೋರಿಸುವ ಕ್ರಮ ಮಾತ್ರ ಹಾಗೆ. ಆದರೆ ತನ್ನ ಪಾಠದ ಹೆಸರನ್ನು ಕನ್ನಡದಲ್ಲಿ ಬರೆದ ಹುಡುಗಿಗೆ ಅದು ಹೇಗೆ ಗೊತ್ತಾಗಬೇಕು? ಕಂಪ್ಯೂಟರಿಗೆ ಕನ್ನಡ ಆಗುವುದಿಲ್ಲ ಎಂದು ಅವಳು ತಿಳಿದುಕೊಂಡು, ಮರುದಿನದಿಂದ ಇಂಗ್ಲಿಷಿನಲ್ಲಿ ಹೆಸರಿಡುತ್ತಾಳೆ. ಅಲ್ಲಿಗೆ ದೂರು ಮುಗಿಯಿತು. ಯಾವ ಸಮೀಕ್ಷೆಗೂ ಅದು ಸಿಗದು.

ಗಡಿನಾಡಿನ ನಮಗೆ ಈ ಅನುಭವ ಬೇರೆ ರೂಪದಲ್ಲಿ ಚೆನ್ನಾಗಿ ಗೊತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ ಮನೆಮಾತಿನ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. 'ಮಾತೃಭಾಷೆ' ಎಂಬ ಕಾಲಂನಲ್ಲಿ ಅವರವರ ಮನೆಮಾತನ್ನೇ ಬರೆಯಬೇಕು, ಅದೇ ಸರಿ. ಆದರೆ ಆ ಒಂದೇ ಕಾಲಂ ನೋಡಿ 'ಇಲ್ಲಿ ಕನ್ನಡದವರು ಇಷ್ಟೇ' ಎಂದರೆ, ಕನ್ನಡದಲ್ಲಿ ಕಲಿಯಬೇಕಾದ ಮಕ್ಕಳ ಲೆಕ್ಕ ಸಿಗುವುದಿಲ್ಲ. ಉತ್ತರ ಸುಳ್ಳಲ್ಲ, ಪ್ರಶ್ನೆ ಬೇರೆ.

ನಮ್ಮ ಅಭಿಪ್ರಾಯ ಇಷ್ಟು: ಇಂತಹ ಸಮೀಕ್ಷೆಗಳ ಶೇಕಡಾವಾರು ಪಟ್ಟಿಯನ್ನು ಬದಿಗಿಟ್ಟು, 'ಇನ್ನೇನಾದರೂ ಹೇಳುವುದಿದೆಯೇ' ಎಂಬ ಖಾಲಿ ಜಾಗದಲ್ಲಿ ಜನ ಬರೆದದ್ದನ್ನು ಮೊದಲು ಓದಬೇಕು. ಬಿಟ್ಟುಹೋದವರನ್ನು ಹುಡುಕಿ ಕೇಳಬೇಕು. ಯಾವ ಲಿಪಿಯಲ್ಲಿ ಬರೆಯುತ್ತೀರಿ ಎಂಬುದೂ ಒಂದು ಪ್ರಶ್ನೆಯಾಗಬೇಕು. ಸಾವಿರದಲ್ಲಿ ಒಬ್ಬರ ದೂರು ಎಂದು ತಳ್ಳಿಹಾಕಿದರೆ ಭಾಷಾ ಅಲ್ಪಸಂಖ್ಯಾತರ ದೂರು ಯಾವತ್ತೂ ಮೇಲೆ ಬರುವುದಿಲ್ಲ. ಕೇಳಿಸಿಕೊಂಡರೆ ಬದಲಾವಣೆ ಆಗುವುದೇ ಇಲ್ಲವೆಂದಲ್ಲ. ಗಿಟ್‌ನಲ್ಲಿ 'ಚೆಕ್‌ಔಟ್' ಎಂಬ ಒಂದೇ ಆದೇಶ ಎರಡು ಬೇರೆ ಕೆಲಸ ಮಾಡಿ ಹೊಸಬರನ್ನು ಗೊಂದಲಕ್ಕೆ ತಳ್ಳುತ್ತಿತ್ತು. 2019ರ ಆಗಸ್ಟಿನಲ್ಲಿ ಬಂದ 2.23ನೇ ಆವೃತ್ತಿಯಲ್ಲಿ ಅದಕ್ಕೆ 'ಸ್ವಿಚ್', 'ರಿಸ್ಟೋರ್' ಎಂಬ ಎರಡು ಪ್ರತ್ಯೇಕ ಆದೇಶಗಳನ್ನು ಸೇರಿಸಿದರು. ಹಳೆಯದನ್ನೂ ಉಳಿಸಿದ್ದಾರೆ.

'ಶಾಲೆಗೆ ಗಿಟ್ ಯಾಕೆ ಮೇಷ್ಟ್ರೇ?' ಎಂದು ಕೆಲವರು ನಗಬಹುದು. ಒಂದನೇ ತರಗತಿಗೆ ಬೇಡ, ಒಪ್ಪಿದೆವು. ಆದರೆ ಅನುವಾದವಾಗಿ ಬರುವ ನಮ್ಮ ಪಠ್ಯಪುಸ್ತಕಗಳನ್ನು ನೆನೆಯಿರಿ. ಯಾವ ಶಬ್ದವನ್ನು ಯಾರು ಯಾಕೆ ಬದಲಿಸಿದರು, ಹಿಂದಿನ ಮುದ್ರಣದಲ್ಲಿ ತಿದ್ದಿದ ತಪ್ಪು ಮತ್ತೆ ಹೇಗೆ ನುಸುಳಿತು ಎಂದು ಹುಡುಕಲು ಇಂತಹದೊಂದು ದಾಖಲೆ ಇದ್ದರೆ ಎಷ್ಟು ಹಗುರ!

ನಮ್ಮ ಕನ್ನಡ ಶಾಲೆಗಳಲ್ಲಿ ಕಲಿತು ಇಂದು ಮಂಗಳೂರು, ಬೆಂಗಳೂರಿನ ಕಂಪೆನಿಗಳಲ್ಲಿ ದಿನವೂ ಗಿಟ್ ಬಳಸುವ ಹಳೆ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಇಂತಹ ಸಮೀಕ್ಷೆ ಕೈಗೆ ಬಂದರೆ ಟಿಕ್ ಹಾಕಿ ಮುಗಿಸಬೇಡಿ. ಕೊನೆಯ ಖಾಲಿ ಜಾಗದಲ್ಲಿ ಕನ್ನಡ ಫೈಲಿನ ಹೆಸರಿನ ಕಥೆಯನ್ನು ಬರೆಯಿರಿ. ಶಾಲೆಯಲ್ಲಿ ಐಟಿ ನೋಡಿಕೊಳ್ಳುವ ಶಿಕ್ಷಕರಿಗೆ ಸದ್ಯದ ಉಪಾಯ ಇದು: ಗಿಟ್‌ನಲ್ಲಿ 'ಕೋರ್ ಡಾಟ್ ಕೋಟ್‌ಪಾತ್' ಎಂಬ ಒಂದು ಸೆಟ್ಟಿಂಗ್ ಇದೆ. ಅದನ್ನು 'ಫಾಲ್ಸ್' ಎಂದು ಬದಲಿಸಿದರೆ ಫೈಲಿನ ಹೆಸರು ಕನ್ನಡದಲ್ಲೇ ಕಾಣಿಸುತ್ತದೆ.